ಪ್ರಶ್ನೆ ನಿಮ್ಮದು: ಇಂಗ್ಲೆಂಡಿನ ಹುಡುಗರ ವಸತಿಶಾಲೆಯಲ್ಲಿ ಸಂಗೀತದ ಪಾಠ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿನವು. ಹದಿಮೂರರಿಂದ ಹದಿನೆಂಟರ ವಯಸ್ಸಿನ ಹುಡುಗರು ಮಾತ್ರ ಉಳಿದು ಓದುವ ವಸತಿಶಾಲೆಗಳು ಇಂಗ್ಲೆಂಡಿನಲ್ಲಿ ಈಗಲೂ ಕೆಲವಿವೆ. ಈಟನ್, ಹ್ಯಾರೋ, ರ‍್ಯಾಡ್ಲಿ ಅವುಗಳಲ್ಲಿ ಹೆಸರಾದವು. ಇಂಥ ಶಾಲೆಗಳ ಸಂಗೀತ ತರಗತಿಯ ಬಗ್ಗೆ ಅಲ್ಲಿ ನೆಲೆಸಿದ ಕನ್ನಡಿಗ ತಂದೆತಾಯಂದಿರು ಬರೆದಿದ್ದಾರೆ. ಅಲ್ಲಿ ಕೆಲಸಕ್ಕೆ ಹೊರಟಿರುವ ನಮ್ಮ ಕಡೆಯ ಶಿಕ್ಷಕರೂ ಕೇಳಿದ್ದಾರೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಬೆಂಗಳೂರಿನಲ್ಲಿ ಪಿಯಾನೊ, ಥಿಯರಿ ಕಲಿಸುತ್ತೇನೆ. ಇಂಗ್ಲೆಂಡಿನ ಹುಡುಗರ ಶಾಲೆಯೊಂದು ‘ಹೆಡ್ ಆಫ್ ಅಕಾಡೆಮಿಕ್ ಮ್ಯೂಸಿಕ್’ ಹುದ್ದೆಗೆ ಅರ್ಜಿ ಕರೆದಿದೆ. ಅಲ್ಲಿ ‘ಡೈರೆಕ್ಟರ್ ಆಫ್ ಮ್ಯೂಸಿಕ್’ ಎಂದು ಬೇರೊಬ್ಬರಿದ್ದಾರೆ. ಹಾಗಾದರೆ ಈ ಹುದ್ದೆಯವರು ಮಾಡುವುದೇನು?
ಓದುಗರು, ಜಯನಗರ

ಒಂದೇ ಮಾತಿನಲ್ಲಿ ಹೇಳುವುದಾದರೆ, ಡೈರೆಕ್ಟರ್ ಅವರದು ವೇದಿಕೆ, ನಿಮ್ಮದು ತರಗತಿ. ಚಾಪೆಲ್‌ನ ಗಾಯನ, ಆರ್ಕೆಸ್ಟ್ರಾ, ಕಛೇರಿಗಳು, ಹೊರಗಿನಿಂದ ಬರುವ ವಾದ್ಯ ಶಿಕ್ಷಕರ ನೇಮಕ, ಬಜೆಟ್ ಇವೆಲ್ಲ ಡೈರೆಕ್ಟರ್ ಪಾಲಿಗೆ. ಎಲ್ಲ ಹುಡುಗರಿಗೂ ಕಡ್ಡಾಯವಾದ ಕೆಳತರಗತಿಯ ಸಂಗೀತ, ಜಿಸಿಎಸ್‌ಇ (ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆ), ಎ ಲೆವೆಲ್ (ಹದಿನೆಂಟರ ಹೊತ್ತಿನದು), ವಿಶ್ವವಿದ್ಯಾಲಯಕ್ಕೆ ಸಂಗೀತ ಓದಲು ಹೋಗುವವರ ತಯಾರಿ ನಿಮ್ಮ ಪಾಲಿಗೆ. ಯಾವ ಪರೀಕ್ಷಾ ಮಂಡಳಿಯ ಪಠ್ಯಕ್ರಮ ಹಿಡಿಯಬೇಕು, ಯಾರು ಯಾವ ಪಾಠ ಮಾಡಬೇಕು, ಅಂಕ ಹಾಕಿದ್ದು ಎಲ್ಲರದೂ ಒಂದೇ ಅಳತೆಯಲ್ಲಿದೆಯೇ ಎಂಬುದನ್ನು ನೋಡಿಕೊಳ್ಳುವವರೂ ನೀವೇ.

ಈ ಕೆಲಸದ ನಿಜವಾದ ಕಷ್ಟ ಸಂಗೀತದಲ್ಲಿ ಇಲ್ಲ, ವೇಳಾಪಟ್ಟಿಯಲ್ಲಿದೆ. ವಸತಿಶಾಲೆಯ ದಿನ ಬೆಳಗಿನಿಂದ ರಾತ್ರಿವರೆಗೆ ಕಿಕ್ಕಿರಿದಿರುತ್ತದೆ. ಶನಿವಾರ ಬೆಳಗ್ಗೆಯೂ ಪಾಠವಿರುವ ಶಾಲೆಗಳು ಹಲವು. ವಾರದಲ್ಲಿ ಎರಡು ಮೂರು ಮಧ್ಯಾಹ್ನ ಆಟಕ್ಕೇ ಮೀಸಲು. ಸಂಜೆ ಊಟವಾದ ಮೇಲೆ ಹಾಸ್ಟೆಲಿನಲ್ಲಿ, ಅಲ್ಲಿನವರ ಬಾಯಲ್ಲಿ ‘ಹೌಸ್’ನಲ್ಲಿ, ‘ಪ್ರೆಪ್’ ಎಂಬ ಓದಿನ ಹೊತ್ತು. ಇದರ ನಡುವೆ ವಾದ್ಯಪಾಠಕ್ಕಾಗಿ ಹುಡುಗ ಬೇರೆ ವಿಷಯದ ತರಗತಿ ಬಿಟ್ಟು ಬರಬೇಕು. ಪ್ರತಿವಾರ ಅದೇ ಗಣಿತದ ಪೀರಿಯಡ್ ತಪ್ಪಿದರೆ ಗಣಿತದ ಮೇಷ್ಟ್ರು ಸುಮ್ಮನಿರುವುದಿಲ್ಲ. ಅದಕ್ಕೆ ಪಾಠದ ಸಮಯ ವಾರವಾರ ಸರಿಯುವಂತೆ ಪಟ್ಟಿ ಹಾಕುತ್ತಾರೆ: ಈ ವಾರ ಎರಡನೇ ಪೀರಿಯಡ್, ಮುಂದಿನ ವಾರ ಮೂರನೆಯದು. ಆ ಪಟ್ಟಿ ಡೈರೆಕ್ಟರ್ ಕಚೇರಿಯದ್ದು. ಆದರೆ ಜಿಸಿಎಸ್‌ಇ ಹುಡುಗ ನಿಮ್ಮದೇ ತರಗತಿ ಬಿಟ್ಟು ಕ್ಲಾರಿನೆಟ್ ಪಾಠಕ್ಕೆ ಹೋಗದಂತೆ ಮೊದಲ ದಿನವೇ ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ ಪಟ್ಟಿ ಕಲ್ಲಿನಲ್ಲಿ ಕೆತ್ತಿದಂತೆ ಆಗಿರುತ್ತದೆ.

ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಸರ್ಕಾರಿ ಶಿಕ್ಷಕರ ಅರ್ಹತಾಪತ್ರ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು. ಮಕ್ಕಳ ಸುರಕ್ಷತೆಯ ತಪಾಸಣೆಗೆ ಮಾತ್ರ ವಿನಾಯಿತಿಯಿಲ್ಲ. ನೀವು ವಾಸವಿದ್ದ ದೇಶಗಳ ಪೊಲೀಸ್ ಪ್ರಮಾಣಪತ್ರಗಳನ್ನೂ ಕೇಳುತ್ತಾರೆ, ಈಗಲೇ ತೆಗೆಸಿಡಿ. ಸಂದರ್ಶನದ ದಿನ ಒಂದು ಪಾಠ ಮಾಡಿ ತೋರಿಸಬೇಕಾಗುತ್ತದೆ. ಪಿಯಾನೊದಲ್ಲಿ ನಿಮ್ಮ ಕೈಚಳಕ ತೋರಿಸಲು ಹೋಗಬೇಡಿ. ಹುಡುಗರ ಕೈಯಲ್ಲಿ ಏನು ಮಾಡಿಸಿದಿರಿ ಎಂಬುದನ್ನೇ ಅವರು ನೋಡುತ್ತಾರೆ.

ಒಂಬತ್ತನೇ ತರಗತಿಗೆ ವಾರಕ್ಕೆ ಒಂದೇ ಪೀರಿಯಡ್, 40 ನಿಮಿಷ. ಇಪ್ಪತ್ತು ಹುಡುಗರು. ನಾಲ್ವರು ಎಂಟು ಹಂತದ ವಾದ್ಯ ಪರೀಕ್ಷೆಯಲ್ಲಿ ಗ್ರೇಡ್ 6 ಮುಗಿಸಿದವರು, ಹತ್ತು ಮಂದಿಗೆ ಸ್ವರಲಿಪಿಯೇ ಬಾರದು. ಎಲ್ಲಿಂದ ಶುರು ಮಾಡಲಿ?
ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿ, ಆಕ್ಸ್‌ಫರ್ಡ್‌ಶೈರ್

ಹ್ಯಾರೋ, ರ‍್ಯಾಡ್ಲಿಗಳಲ್ಲಿ ‘ಶೆಲ್’ ಎಂದು ಕರೆಯುವ ವರ್ಷ ಇದು. ವರ್ಷಕ್ಕೆ ನಿಮ್ಮ ಕೈಗೆ ಸಿಗುವುದು ಹೆಚ್ಚೆಂದರೆ ಮೂವತ್ತು ತರಗತಿ. ಜಿಸಿಎಸ್‌ಇಗೆ ಯಾವ ವಿಷಯ ಬೇಕೆಂದು ಹುಡುಗರು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಎರಡನೇ ಟರ್ಮಿನಲ್ಲಿ. ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಹತ್ತು ಹನ್ನೆರಡು ತರಗತಿಗಳಲ್ಲೇ ‘ಇದು ನನ್ನ ಕೈಲಾಗುತ್ತದೆ’ ಎಂದು ಅವರಿಗೆ ಅನ್ನಿಸಬೇಕು. ಸಂಗೀತ ಚರಿತ್ರೆಯನ್ನು ಬರೋಕ್‌ನಿಂದ ಕಾಲಾನುಕ್ರಮದಲ್ಲಿ ಹೇಳುತ್ತ ಹೋದರೆ ಮೊಜಾರ್ಟ್ ಬರುವ ಹೊತ್ತಿಗೆ ಹುಡುಗರು ಭೂಗೋಳ ಆರಿಸಿಕೊಂಡಿರುತ್ತಾರೆ.

ತರಗತಿಯ 40 ನಿಮಿಷವನ್ನು ಹೀಗೆ ಒಡೆದುಕೊಳ್ಳಿ. ಮೊದಲ ಐದು ನಿಮಿಷ ಎಲ್ಲರೂ ನಿಂತು ಚಪ್ಪಾಳೆಯಲ್ಲಿ ಲಯ, ಇಲ್ಲವೇ ಹಾಡು. ಮುಂದಿನ ಹತ್ತು ನಿಮಿಷ ಕೇಳುವುದು: ಒಂದೂವರೆ ನಿಮಿಷದ ತುಣುಕನ್ನು ಮೂರು ಸಲ ಹಾಕಿ, ಪ್ರತಿ ಸಲಕ್ಕೂ ಒಂದೇ ಪ್ರಶ್ನೆ. ‘ಹೇಗನ್ನಿಸಿತು’ ಎಂದು ಕೇಳಬೇಡಿ. ‘ಬೇಸ್ (ಅತಿ ಕೆಳಗಿನ ಸಾಲು) ಎಷ್ಟು ಸಲ ಮರುಕಳಿಸಿತು’ ಎಂದು ಕೇಳಿ. ಆಮೇಲೆ ಇಪ್ಪತ್ತು ನಿಮಿಷ ಕೀಬೋರ್ಡ್. ಕೊನೆಯ ಐದು ನಿಮಿಷ ಇಬ್ಬರೋ ಮೂವರೋ ನುಡಿಸಿ ತೋರಿಸುವುದು. ಈ ಕೊನೆಯ ಐದು ನಿಮಿಷವನ್ನು ಎಂದೂ ಬಿಡಬೇಡಿ. ತೋರಿಸಬೇಕಿಲ್ಲವೆಂದು ಗೊತ್ತಾದ ತರಗತಿಯಲ್ಲಿ ಕೀಬೋರ್ಡಿನ ಡ್ರಮ್ ಗುಂಡಿಗಳೇ ಮೊಳಗುತ್ತವೆ.

ಇಪ್ಪತ್ತು ಹುಡುಗರಿಗೆ ಹತ್ತು ಕೀಬೋರ್ಡ್ ಸಾಕು, ಇಬ್ಬರಿಗೊಂದು. ಪ್ರತಿಯೊಂದಕ್ಕೂ ಎರಡು ಹೆಡ್‌ಫೋನ್ ಸಿಕ್ಕಿಸುವ ಕವಲು ತಂತಿ ಬೇಕು. ಜೊತೆಗೆ ನಾಲ್ಕೈದು ಹೆಚ್ಚಿಗೆ ಇಟ್ಟುಕೊಳ್ಳಿ, ಮೊದಲು ಹಾಳಾಗುವುದು ಅವೇ. ಮೊದಲ ಟರ್ಮಿಗೆ ಹನ್ನೆರಡು ಅಳತೆಯ (ಬಾರ್) ಬ್ಲೂಸ್ ಹಿಡಿಯಿರಿ, ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಹೀಗೆ: ನಾಲ್ಕು ಅಳತೆ ಸಿ, ಎರಡು ಎಫ್, ಎರಡು ಸಿ, ಒಂದು ಜಿ, ಒಂದು ಎಫ್, ಎರಡು ಸಿ. ಲಿಪಿ ಬಾರದವನು ಎಡಗೈಯಲ್ಲಿ ಒಂದೊಂದೇ ಸ್ವರ ಒತ್ತುತ್ತಾನೆ. ಗ್ರೇಡ್ 6ರವನು ಮೇಲೆ ಮನೋಧರ್ಮ (ಆ ಕ್ಷಣದ ಸ್ವಂತ ಕಲ್ಪನೆ) ಮಾಡುತ್ತಾನೆ. ಒಂದೇ ಕೆಲಸ, ಇಬ್ಬರಿಗೂ ಕಷ್ಟ. ಚೆನ್ನಾಗಿ ನುಡಿಸುವ ಆ ನಾಲ್ವರನ್ನು ಬೇರೆ ಕೋಣೆಗೆ ಕಳಿಸಿ ‘ಏನಾದರೂ ಅಭ್ಯಾಸ ಮಾಡಿಕೊಳ್ಳಿ’ ಅನ್ನುವ ರೂಢಿ ಕೆಲವು ಕಡೆ ಇದೆ. ಅದು ಅವರಿಗೂ ಅನ್ಯಾಯ. ಬೆರಳು ಚುರುಕಾಗಿದ್ದು ಕಿವಿ ಮಂಕಾದವರು ಅವರಲ್ಲೇ ಜಾಸ್ತಿ. ಮುದ್ರಿತ ಪುಟ ಎತ್ತಿಟ್ಟು ‘ಈಗ ಇದನ್ನು ಡಿ ಯಿಂದ ನುಡಿಸು’ ಅನ್ನಿ, ಗೊತ್ತಾಗುತ್ತದೆ.

ಮಗನಿಗೆ ಹದಿಮೂರೂವರೆ. ಏಳು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾನೆ. ವಸತಿಶಾಲೆಗೆ ಸೇರಿದ ಮೊದಲ ಟರ್ಮಿನಲ್ಲೇ ಧ್ವನಿ ಒಡೆಯಿತು. ಹಾಡುವುದನ್ನು ನಿಲ್ಲಿಸಲೇ ಎಂದು ಕೇಳುತ್ತಾನೆ. ಗುರುಗಳು ನಿಲ್ಲಿಸು ಅಂದರಂತೆ, ಶಾಲೆಯವರು ಬೇಡ ಅನ್ನುತ್ತಾರೆ.
ತಾಯಿ, ರೆಡಿಂಗ್

ಪೂರ್ತಿ ನಿಲ್ಲಿಸುವುದು ಬೇಡಮ್ಮ. ಮೊದಲಿನ ಶ್ರುತಿಯಲ್ಲೇ ಹಟದಿಂದ ಹಾಡುವುದೂ ಬೇಡ.

ಗಂಟಲಿನ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗಿ, ದಪ್ಪವಾಗುತ್ತವೆ. ಅವುಗಳನ್ನು ಹಿಡಿತದಲ್ಲಿಡುವ ಸ್ನಾಯುಗಳು ಆ ವೇಗಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು. ಅದಕ್ಕೇ ಸ್ವರ ಜಾರುವುದು, ಉಸಿರು ಸೋರುವುದು. ಹುಡುಗರ ಧ್ವನಿಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಜಾನ್ ಕುಕ್ಸಿ ಈ ಬದಲಾವಣೆಯನ್ನು ಹಂತ ಹಂತವಾಗಿ ಗುರುತಿಸಿದ್ದಾರೆ. ಒಡೆಯುವ ಮುಂಚೆ ಹುಡುಗನ ಧ್ವನಿ ಪಿಯಾನೊದ ನಡುವಿನ ಸಿ ಯ ಕೆಳಗಿರುವ ಎ ಯಿಂದ ಹಿಡಿದು ಒಂದೂವರೆ ಸ್ಥಾಯಿಗೂ ಮೇಲಕ್ಕೆ ಹೋಗುತ್ತದೆ. ನಡುವಿನ ಹಂತಗಳಲ್ಲಿ ಮೇಲಿನದು ಬೇಗ ಬೇಗ ಕಳಚುತ್ತದೆ, ಕೆಳಗಿನದು ನಿಧಾನವಾಗಿ ಸಿಗುತ್ತದೆ. ಆಗ ನಂಬಿ ಹಾಡಬಹುದಾದ ಸ್ವರಗಳು ಕೆಲವರಿಗೆ ಐದಾರೇ.

ಹೀಗಾಗಿ ಮಾಡಬೇಕಾದ್ದು ಇಷ್ಟು. ಐದಾರು ವಾರಕ್ಕೊಮ್ಮೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಅವನಿಗೆ ಹಾಯಾಗಿ ಸಿಗುವ ಅತಿ ಕೆಳಗಿನ, ಅತಿ ಮೇಲಿನ ಸ್ವರ ಬರೆದಿಡಲಿ. ಷಡ್ಜವನ್ನು ಆ ವ್ಯಾಪ್ತಿಯ ಕೆಳಭಾಗದಲ್ಲಿ ಇಟ್ಟು ಮಧ್ಯ ಸ್ಥಾಯಿಯಲ್ಲೇ ಸರಳೆ, ಜಂಟಿ ವರಸೆಗಳನ್ನು ಅಕಾರದಲ್ಲಿ ಹದಿನೈದು ನಿಮಿಷ ಹಾಡಲಿ. ಐದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದವನು ಕೊನೆಗೆ ಒಂದರಿಂದ ಎರಡು ಮನೆಯ ಆಸುಪಾಸಿನಲ್ಲಿ ನಿಲ್ಲಬಹುದು. ನಡುವೆ ಮೂರು, ಎರಡೂವರೆ ಎಂದು ಇಳಿಯುತ್ತ ಹೋಗುವುದು ಸಹಜ. ತಾರಸ್ಥಾಯಿಯ ಸಂಗತಿಗಳನ್ನು ಒಂದು ವರ್ಷ ಮರೆತರೆ ಏನೂ ಮುಳುಗುವುದಿಲ್ಲ. ನೋವಿದ್ದರೆ, ವಾರಗಟ್ಟಲೆ ಗಂಟಲು ಕಟ್ಟಿದ್ದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಶಾಲೆಯ ಕಡೆಯ ತಪ್ಪು ಬೇರೆ ಥರದ್ದು. ಹದಿಮೂರರ ಹುಡುಗರನ್ನೆಲ್ಲ ‘ಬೇಸ್’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿ ವಯಸ್ಕರ ಸಾಲನ್ನು ಹಾಡಿಸುತ್ತಾರೆ. ಆ ಸಾಲು ಅವರಿಗೆ ಸಿಗದು, ಗುನುಗುತ್ತ ನಿಲ್ಲುತ್ತಾರೆ. ನಡುವಿನ ಧ್ವನಿಗೆಂದೇ ಆರು ಸ್ವರದೊಳಗಿನ ಒಂದು ಸಾಲು ಬರೆದುಕೊಟ್ಟರೆ ಅದೇ ಹುಡುಗರು ಹಾಡುತ್ತಾರೆ. ಹೌಸ್‌ಗಳ ನಡುವಿನ ಹಾಡಿನ ಸ್ಪರ್ಧೆಯಲ್ಲಿ ಕೂಗಿ ಗಂಟಲು ಕೆಡಿಸಿಕೊಳ್ಳುವುದು ಅಲ್ಲಿ ಪ್ರತಿವರ್ಷದ ಕಥೆ. ಆ ವಾರ ಮಗನಿಗೆ ಮೆಲ್ಲಗೆ ಹೇಳಿಡಿ.

ಮಗ ಮೃದಂಗ ನುಡಿಸುತ್ತಾನೆ, ಜೂನಿಯರ್ ಪರೀಕ್ಷೆ ಪಾಸಾಗಿದೆ. ಜಿಸಿಎಸ್‌ಇ ಸಂಗೀತಕ್ಕೆ ಅದು ನಡೆಯುತ್ತದೆಯೇ, ಅಥವಾ ಪಿಯಾನೊ ಕಲಿಯಲೇಬೇಕೇ?
ತಂದೆ, ಮಿಲ್ಟನ್ ಕೀನ್ಸ್

ನಡೆಯುತ್ತದೆ. ವಾದ್ಯ ಯಾವುದೆಂಬುದು ಅಡ್ಡಿಯಲ್ಲ, ಆದರೆ ನಿಯಮಗಳನ್ನು ನಮ್ಮ ಪದ್ಧತಿಗೆ ಹೊಂದಿಸುವಾಗ ಎಡವುವುದು ಸುಲಭ. ಎಡೆಕ್ಸೆಲ್ ಮಂಡಳಿಯ ಲೆಕ್ಕ ಹೇಳುತ್ತೇವೆ, ಹೆಚ್ಚಿನ ಶಾಲೆಗಳಿಗೆ ಪರಿಚಯವಾದದ್ದು. ನುಡಿಸುವುದಕ್ಕೆ ನೂರಕ್ಕೆ 30, ರಚನೆಗೆ 30, ಕೇಳಿ ಬರೆಯುವ ಪರೀಕ್ಷೆಗೆ 40. ನುಡಿಸುವುದರಲ್ಲಿ ಒಂದು ಒಂಟಿ ವಾದನ, ಇನ್ನೊಂದು ಇತರರೊಡನೆ. ಪ್ರತಿಯೊಂದೂ ಕನಿಷ್ಠ 1 ನಿಮಿಷ, ಎರಡೂ ಸೇರಿ ಕನಿಷ್ಠ 4 ನಿಮಿಷ.

ತೊಡಕಿರುವುದು ಎರಡನೆಯದರಲ್ಲಿ. ಇತರರೊಡನೆ ನುಡಿಸುವಾಗ ಹುಡುಗನ ಪಾಲು ಸ್ವತಂತ್ರವಾಗಿರಬೇಕು, ಇನ್ನೊಬ್ಬರು ಅದನ್ನೇ ನುಡಿಸುತ್ತಿರಬಾರದು. ನಮ್ಮಲ್ಲಿ ಪಿಟೀಲು ಗಾಯಕರ ನೆರಳಿನಂತೆ ಹಿಂಬಾಲಿಸುತ್ತದೆ, ಅದೇ ಅದರ ಸೊಗಸು. ಈ ನಿಯಮದ ಕಣ್ಣಿಗೆ ಮಾತ್ರ ಅದು ಜೋಡಿ ಸಾಲು. ಪಿಟೀಲಿನ ಹುಡುಗ ಹೀಗೆ ನುಡಿಸಿ ಅಂಕ ಕಳೆದುಕೊಳ್ಳುವ ಅಪಾಯವಿದೆ. ಅವನಿಗೆ ಬೇರೆ ಸಾಲು ಬರೆದುಕೊಡಬೇಕು. ನಿಮ್ಮ ಮಗನ ಅದೃಷ್ಟ, ಮೃದಂಗಕ್ಕೆ ಈ ಕಾಟವಿಲ್ಲ. ಹಾಡಿಗೋ ವೀಣೆಗೋ ಪಕ್ಕವಾದ್ಯವಾಗಿ ಕೂತರೆ ಅವನದು ತಾನಾಗಿಯೇ ಸ್ವತಂತ್ರ ಪಾಲು.

ಒಂಟಿ ವಾದನಕ್ಕೆ ಆದಿತಾಳದಲ್ಲಿ ತನಿ ಆವರ್ತನದ ಚಿಕ್ಕ ರೂಪ ಕಟ್ಟಲಿ. ಲೆಕ್ಕ ಹೀಗೆ: ನಿಮಿಷಕ್ಕೆ 60 ಅಕ್ಷರದ ಕಾಲದಲ್ಲಿ ಒಂದು ಆವರ್ತನಕ್ಕೆ 8 ಸೆಕೆಂಡ್. ಎರಡೂವರೆ ನಿಮಿಷಕ್ಕೆ ಹೆಚ್ಚುಕಡಿಮೆ 19 ಆವರ್ತನ. ಚತುರಶ್ರದಲ್ಲಿ ಎಂಟು, ತಿಶ್ರ ನಡೆಯಲ್ಲಿ ನಾಲ್ಕು, ಮತ್ತೆ ಚತುರಶ್ರಕ್ಕೆ ಬಂದು ಮೊಹರ, ಮುಕ್ತಾಯ. ಪರೀಕ್ಷಕರು ಕಾಣುವುದು ವೈವಿಧ್ಯ, ಸ್ಪಷ್ಟತೆ, ಧ್ವನಿಯ ಏರಿಳಿತ. ಬರಿಯ ವೇಗದಿಂದ ಅಂಕ ಬಾರದು. ಕೃತಿಯ ಜೊತೆ ನುಡಿಸುವುದು ಇನ್ನೂ ಎರಡೂವರೆ ನಿಮಿಷವಿರಲಿ, ಒಟ್ಟು ಐದು. ಸರಿಯಾಗಿ ನಾಲ್ಕಕ್ಕೆ ಗುರಿಯಿಟ್ಟವರು ಪರೀಕ್ಷೆಯ ಗಾಬರಿಯಲ್ಲಿ ಕಾಲ ಓಡಿಸಿ 3 ನಿಮಿಷ 50 ಸೆಕೆಂಡಿಗೆ ಮುಗಿಸಿಬಿಡುತ್ತಾರೆ. ಶ್ರುತಿ ಮಾಡಿಕೊಂಡದ್ದು, ಚಪ್ಪಾಳೆ ಇವು ವಾದನದ ಹೊತ್ತಿಗೆ ಸೇರುವುದಿಲ್ಲ. ಧ್ವನಿಮುದ್ರಣವನ್ನು ಕತ್ತರಿಸಿ ಅಂಟಿಸುವಂತೆಯೂ ಇಲ್ಲ, ಒಂದೇ ಓಟದ್ದಾಗಿರಬೇಕು.

ಧ್ವನಿಮುದ್ರಣದೊಂದಿಗೆ ಬರಹವೂ ಹೋಗುತ್ತದೆ. ಸೊಲ್ಲುಕಟ್ಟನ್ನು ಇಂಗ್ಲಿಷ್ ಅಕ್ಷರದಲ್ಲಿ, ಪ್ರತಿ ಆವರ್ತನಕ್ಕೆ ಒಂದು ಸಾಲಿನಂತೆ ಬರೆಸಿ. ಮೇಲೆ ತಾಳ, ನಡೆ, ಕಾಲಪ್ರಮಾಣ, ಎಲ್ಲಿ ಪೂರ್ವಸಿದ್ಧ, ಎಲ್ಲಿ ಮನೋಧರ್ಮ ಎಂಬುದನ್ನು ಒಂದು ಪುಟದಲ್ಲಿ ವಿವರಿಸಲಿ. ಮೃದಂಗ ಕೇಳಿಯೇ ಇರದ ಪರೀಕ್ಷಕರಿಗೆ ಇದೇ ದಾರಿದೀಪ. ಕಷ್ಟದ ಮಟ್ಟಕ್ಕೂ ಲೆಕ್ಕವಿದೆ. ಜಿಸಿಎಸ್‌ಇಗೆ ಗ್ರೇಡ್ 4ರ ಮಟ್ಟ ಸಾಧಾರಣವೆನಿಸುತ್ತದೆ, ಅದಕ್ಕಿಂತ ಕಷ್ಟದ್ದನ್ನು ನುಡಿಸಿದರೆ ಅಂಕ ಏರುತ್ತದೆ. ಜೂನಿಯರ್ ಪ್ರಮಾಣಪತ್ರ ತೋರಿಸಿದರೆ ಕೆಲಸ ಆಗುವುದಿಲ್ಲ, ನುಡಿಸಿದ್ದರ ಕಷ್ಟವನ್ನು ಶಿಕ್ಷಕರು ಬರಹದಲ್ಲಿ ಸಮರ್ಥಿಸಬೇಕು.

ಇನ್ನು ಪಿಯಾನೊ. ಪರೀಕ್ಷೆಗೆ ಬೇಡ. ಆದರೆ ರಚನೆಗೂ, ಮೂರು ಸ್ವರ ಒಟ್ಟಿಗೆ ಕೇಳಿದಾಗ ಏನೆಂದು ಗುರುತಿಸುವುದಕ್ಕೂ ಒಂದು ವರ್ಷದ ಕೀಬೋರ್ಡ್ ಪರಿಚಯ ತುಂಬ ಸಹಾಯ. ಲಯದಲ್ಲಿ ನಮ್ಮ ಮಕ್ಕಳು ಮುಂದೆ, ಹಾರ್ಮನಿಯಲ್ಲಿ ಹಿಂದೆ. ಒಪ್ಪಿಕೊಂಡು ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ರಚನೆಗೆ ರಾಗವನ್ನು ಬಳಸಬಹುದೇ? ಮಗ ಕಂಪ್ಯೂಟರಿನಲ್ಲಿ ಏನೇನೋ ಸೇರಿಸಿ ಮೂರು ನಿಮಿಷ ಮಾಡಿದ್ದಾನೆ, ಶಿಕ್ಷಕರು ಇದು ರಚನೆಯೇ ಅಲ್ಲ ಅಂದರಂತೆ.
ಓದುಗರು, ಹ್ಯಾರೋ

ಶಿಕ್ಷಕರು ಹೇಳಿದ್ದು ಬಹುಶಃ ಸರಿ. ನಾಲ್ಕು ಅಳತೆ ಬರೆದು, ಅದನ್ನೇ ಹದಿನಾರು ಸಲ ಅಂಟಿಸಿ, ಪ್ರತಿ ಸಲ ಒಂದೊಂದು ವಾದ್ಯ ಸೇರಿಸುವುದು ಹುಡುಗರ ಮಾಮೂಲು ದಾರಿ. ಕೇಳಲು ದೊಡ್ಡದಾಗಿರುತ್ತದೆ, ಒಳಗೆ ಏನೂ ಬೆಳೆದಿರುವುದಿಲ್ಲ. ಇನ್ನೊಂದು ಮೋಸ ಕಂಪ್ಯೂಟರಿನ ವಾದನ. ಸ್ವರಲಿಪಿ ಬರೆಯುವ ತಂತ್ರಾಂಶಗಳಾದ ಸಿಬೆಲಿಯಸ್, ಮ್ಯೂಸ್‌ಸ್ಕೋರ್‌ಗಳಲ್ಲಿ ಕೊಳಲು ಉಸಿರೇ ತೆಗೆದುಕೊಳ್ಳದೆ ನಲವತ್ತು ಅಳತೆ ಊದುತ್ತದೆ. ವಾದ್ಯ ನುಡಿಸುವ ಸಹಪಾಠಿಗೆ ಆ ಪುಟ ಕೊಟ್ಟು ನೋಡಿದರೆ ಐದು ನಿಮಿಷದಲ್ಲಿ ಬಣ್ಣ ಬಯಲು. ವಸತಿಶಾಲೆಯ ದೊಡ್ಡ ಸವಲತ್ತೇ ಅದು: ಕಹಳೆಯವನು ಪಕ್ಕದ ಕೋಣೆಯಲ್ಲೇ ಇರುತ್ತಾನೆ.

ಎಡೆಕ್ಸೆಲ್ ಜಿಸಿಎಸ್‌ಇಗೆ ಎರಡು ರಚನೆ: ಒಂದು ಸ್ವಂತ ಆಯ್ಕೆಯದು, ಇನ್ನೊಂದು ಪರೀಕ್ಷೆಯ ಶೈಕ್ಷಣಿಕ ವರ್ಷ ಶುರುವಾಗುವ ಸೆಪ್ಟೆಂಬರ್‌ನಲ್ಲಿ ಮಂಡಳಿ ಕೊಡುವ ವಸ್ತುವಿಗೆ ಬರೆದದ್ದು. ಎರಡೂ ಸೇರಿ ಕನಿಷ್ಠ 3 ನಿಮಿಷ. ರಾಗ ಧಾರಾಳವಾಗಿ ಬಳಸಬಹುದು, ಆಯ್ಕೆಯಲ್ಲಿ ಎಚ್ಚರವಿರಲಿ. ಶಂಕರಾಭರಣದ ಸ್ವರಗಳೆಂದರೆ ಅವರ ಮೇಜರ್, ಕೀರವಾಣಿ ಎಂದರೆ ಹಾರ್ಮೋನಿಕ್ ಮೈನರ್, ಖರಹರಪ್ರಿಯ ಎಂದರೆ ಡೋರಿಯನ್, ಹರಿಕಾಂಭೋಜಿ ಎಂದರೆ ಮಿಕ್ಸೊಲಿಡಿಯನ್, ಕಲ್ಯಾಣಿ ಎಂದರೆ ಲಿಡಿಯನ್. ಮೋಹನದ ಐದು ಸ್ವರಕ್ಕೆ ಕಾರ್ಡ್ ಕೂಡಿಸುವುದು ಎಲ್ಲಕ್ಕಿಂತ ಸುಲಭ. ತೋಡಿಯ ಹತ್ತಿರ ಹೋಗದಿರುವುದು ಮೇಲು. ಗಮಕ ತೆಗೆದರೆ ತೋಡಿಯಲ್ಲಿ ಉಳಿಯುವುದು ಬರಿ ಮೆಟ್ಟಿಲು, ಅದರ ಮೇಲೆ ಕಾರ್ಡ್ ಹೇರಿದರೆ ಎರಡೂ ಕೆಡುತ್ತವೆ.

ಕ್ರಮ ಹೀಗಿರಲಿ. ಮೊದಲು ಎಂಟು ಅಳತೆಯ ರಾಗಸಾಲು, ಬಾಯಲ್ಲಿ ಹಾಡಿ ಒಪ್ಪಿದ ಮೇಲೆಯೇ ಬರೆಯುವುದು. ಅದಕ್ಕೆ ಬೇಸ್ ಸಾಲು ಮಾತ್ರ. ಇವೆರಡೇ ಕೇಳಲು ಚೆನ್ನಾಗಿಲ್ಲದಿದ್ದರೆ ಎಂಟು ವಾದ್ಯ ಸೇರಿಸಿದರೂ ಚೆನ್ನಾಗುವುದಿಲ್ಲ. ಆಮೇಲೆ ನಡುವಿನ ಸ್ವರಗಳು. ನಂತರ ವ್ಯತ್ಯಾಸದ ಎರಡನೇ ಭಾಗ: ಶ್ರುತಿಭೇದವಾಗಲಿ, ನಡೆಭೇದವಾಗಲಿ. ಮೂರನೆಯದಾಗಿ ಮೊದಲಿನದು ಬದಲಾಗಿ ಮರಳುವುದು. ಒಂದೂವರೆಯಿಂದ ಎರಡು ನಿಮಿಷ ಸಾಕೋ ಸಾಕು. ಉದ್ದಕ್ಕೆ ಅಂಕವಿಲ್ಲ.

ಇದು ಹುಡುಗನದೇ ಕೆಲಸ ಎಂದು ಶಿಕ್ಷಕರು ಸಹಿ ಹಾಕಬೇಕು. ಹಾಗಾಗಿ ಕೆಲಸದ ಒಂದು ಭಾಗವಾದರೂ ಅವರ ಕಣ್ಣೆದುರು ಆಗಬೇಕು. ಎರಡು ವಾರಕ್ಕೊಮ್ಮೆ ಕಡತದ ಪ್ರತಿಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳುವ ರೂಢಿ ಮಾಡಿದ ಶಿಕ್ಷಕರಿಗೆ ಈ ಸಹಿ ಸಲೀಸು. ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ಸಂಗೀತವನ್ನು ತನ್ನದೆಂದು ಕೊಡುವುದು ಪರೀಕ್ಷಾ ಅಕ್ರಮ. ಪ್ರೆಪ್ ಹೊತ್ತಿನಲ್ಲಿ ಒಂದೇ ರಾತ್ರಿಗೆ ಪೂರ್ತಿ ಬೆಳೆದು ಬಂದ ರಚನೆಯನ್ನು ಕಂಡರೆ ‘ಹನ್ನೆರಡನೇ ಅಳತೆಯಲ್ಲಿ ಈ ಕಾರ್ಡ್ ಯಾಕೆ ಹಾಕಿದೆ’ ಎಂದು ಕೇಳಿ. ಉತ್ತರ ಮುಖದಲ್ಲೇ ಇರುತ್ತದೆ.

ಎ ಲೆವೆಲ್‌ನಲ್ಲಿ ಬಾಖ್ ಕೋರಾಲ್‌ಗೆ ನಾಲ್ಕು ಧ್ವನಿ ಬರೆಯುವುದನ್ನು ಹೇಗೆ ಹೇಳಿಕೊಡಬೇಕು? ಹುಡುಗರು ನಿಯಮ ಬಾಯಿಪಾಠ ಮಾಡಿ ತಪ್ಪೇ ಬರೆಯುತ್ತಾರೆ.
ಶಿಕ್ಷಕರು, ಕೆಂಟ್

ನಿಯಮದಿಂದ ಶುರು ಮಾಡಿದ್ದೇ ತಪ್ಪಿರಬಹುದು. ಬಾಖ್ ಕೋರಾಲ್‌ಗಳ (ನಾಲ್ಕು ಧ್ವನಿಗೆ ಬರೆದ ಜರ್ಮನ್ ಚರ್ಚಿನ ಸ್ತುತಿಗೀತೆಗಳ) ರೂಢಿಯ ಸಂಕಲನದಲ್ಲಿ 371 ಇವೆ. ಮೊದಲ ಎರಡು ವಾರ ಬರೆಯಿಸಲೇಬೇಡಿ, ದಿನಕ್ಕೊಂದನ್ನು ತರಗತಿಯ ಹುಡುಗರೇ ನಾಲ್ಕು ಧ್ವನಿಯಲ್ಲಿ ಹಾಡಲಿ. ಹುಡುಗರ ಶಾಲೆಯಲ್ಲಿ ಮೇಲಿನ ಎರಡು ಧ್ವನಿಗಳಾದ ಸೊಪ್ರಾನೊ, ಆಲ್ಟೊಗಳನ್ನು ಒಂದು ಸ್ಥಾಯಿ ಕೆಳಗೆ ಹಾಡಬೇಕಾದೀತು. ಸದ್ದು ಕಲಸಿಕೊಂಡರೂ ಕಾರ್ಡಿನ ನಡೆ ಕಿವಿಗೆ ಕೂರುತ್ತದೆ.

ಆಮೇಲೆ ಬರೆಯುವ ಕ್ರಮ. ಪ್ರತಿ ಸಾಲಿನ ಕೊನೆ, ಅಂದರೆ ಕ್ಯಾಡೆನ್ಸ್, ಯಾವ ಕೀಯಲ್ಲಿ ಎಂದು ಮೊದಲು ಗುರುತಿಸಿ, ಎಲ್ಲ ಸಾಲುಗಳ ಕೊನೆಯನ್ನೂ ಮುಗಿಸಿಬಿಡುವುದು. ಅಲ್ಲಿಂದ ಹಿಂದಕ್ಕೆ ಬರುತ್ತ ಬೇಸ್ ಬರೆಯುವುದು. ಸೊಪ್ರಾನೊ ಏರಿದರೆ ಬೇಸ್ ಇಳಿಯುವತ್ತ ನೋಡುವುದು. ಆಲ್ಟೊ, ಟೆನರ್ ಕೊನೆಗೆ, ಆದಷ್ಟು ಕಡಿಮೆ ಅಲುಗಾಡುವಂತೆ. ಅಲಂಕಾರದ ಚಿಕ್ಕ ಸ್ವರಗಳು (ಕ್ವೇವರ್) ಎಲ್ಲ ಮುಗಿದ ಮೇಲೆ. ಎಡಗಡೆಯಿಂದ ಒಂದೊಂದೇ ಕಾರ್ಡ್ ನಾಲ್ಕೂ ಸ್ವರ ತುಂಬುತ್ತ ಹೋಗುವ ಹುಡುಗ ಕ್ಯಾಡೆನ್ಸ್ ತಲುಪುವಾಗ ಮೂಲೆಗೆ ಸಿಕ್ಕಿಬೀಳುತ್ತಾನೆ. ಸಾಲಾಗಿ ಐದನೇ ಸ್ವರಗಳ ಜೋಡಿ (ಎರಡು ಧ್ವನಿ ಐದು ಸ್ವರದ ಅಂತರದಲ್ಲೇ ಜೊತೆಯಾಗಿ ಸಾಗುವ ತಪ್ಪು) ಹೆಚ್ಚಾಗಿ ಹುಟ್ಟುವುದು ಅಲ್ಲೇ.

ತಿದ್ದುವಾಗ ನೋಡಬೇಕಾದ್ದು: ಬೇಸ್‌ಗೂ ಉಳಿದ ಪ್ರತಿಯೊಂದು ಧ್ವನಿಗೂ ನಡುವೆ ಸಾಲು ಐದನೆಯದು, ಸಾಲು ಎಂಟನೆಯದು, ನಿಷಾದದ ಸ್ವರ ಎರಡು ಧ್ವನಿಯಲ್ಲಿ ಬಂದಿರುವುದು, ಮೈನರ್‌ನಲ್ಲಿ ಆ ನಿಷಾದವನ್ನು ಏರಿಸಲು ಮರೆತಿರುವುದು, ಸೊಪ್ರಾನೊ ಆಲ್ಟೊಗಳ ನಡುವೆ ಒಂದು ಸ್ಥಾಯಿಗಿಂತ ಹೆಚ್ಚು ಅಂತರ. ಮೈನರ್‌ನಲ್ಲಿ ನಿಷಾದ ಏರಿಸುವುದನ್ನು ಹುಡುಗರು ಎಷ್ಟು ಸಲ ಹೇಳಿದರೂ ಮರೆಯುತ್ತಾರೆ. ಪೆನ್ಸಿಲ್ ಎತ್ತುವ ಮುಂಚೆಯೇ ಪುಟದ ಮೂಲೆಯಲ್ಲಿ ಆ ಸ್ವರ ಬರೆದಿಡುವ ಅಭ್ಯಾಸ ಮಾಡಿಸಿ. ಐದನೆಯ ಕಾರ್ಡಿಗೆ (V) ಮುಂಚೆ ಎರಡನೆಯದರ ಏಳನೇ ಸ್ವರ ಸೇರಿದ ಮೊದಲ ತಿರುವು (ii7b) ಹಾಕಿದರೆ ಬಾಖ್ ವಾಸನೆ ತಾನಾಗಿ ಬರುತ್ತದೆ. ಚರ್ಚಿನ ಹಾಡುಗಳಲ್ಲಿ ಕೇಳಿ ರೂಢಿಯಾದ ಒಂದನೆಯದರ ಎರಡನೇ ತಿರುವು (Ic) ಬಾಖ್‌ನಲ್ಲಿ ಅಪರೂಪ, ಹುಡುಗರು ಎಲ್ಲ ಕಡೆ ಹಾಕುತ್ತಾರೆ.

ಗ್ರೇಡ್ 5 ಥಿಯರಿಗೆ ಎಷ್ಟು ವಾರ ಬೇಕು?
ವಿದ್ಯಾರ್ಥಿ, ಟನ್‌ಬ್ರಿಜ್

ಲಿಪಿ ಓದಲು ಬಂದರೆ ಹತ್ತು ವಾರ, ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ. ಎಬಿಆರ್‌ಎಸ್‌ಎಂ ಮಂಡಳಿಯಲ್ಲಿ ಗ್ರೇಡ್ 6, 7, 8ರ ವಾದ್ಯ ಪರೀಕ್ಷೆಗೆ ಕೂರುವ ಮುಂಚೆ ಇದನ್ನು, ಇಲ್ಲವೇ ಮಂಡಳಿ ಒಪ್ಪುವ ಸಮಾನ ಪರೀಕ್ಷೆಯನ್ನು ಮುಗಿಸಿರಬೇಕು. ಇನ್ನೊಂದು ಮಂಡಳಿಯಾದ ಟ್ರಿನಿಟಿಯಲ್ಲಿ ಆ ಕಟ್ಟಳೆಯಿಲ್ಲ. ಪರೀಕ್ಷೆ ಈಗ ಕಂಪ್ಯೂಟರಿನಲ್ಲಿ, 75ಕ್ಕೆ 50 ಪಾಸು, 60 ಮೆರಿಟ್, 65 ಡಿಸ್ಟಿಂಕ್ಷನ್. ಅಂಕ ಹೋಗುವ ಜಾಗ ಎರಡು: ಟೆನರ್ ಕ್ಲೆಫ್, ಮತ್ತು ಬಿ ಫ್ಲ್ಯಾಟ್, ಎಫ್ ವಾದ್ಯಗಳಿಗೆ ಸ್ವರ ಬದಲಿಸಿ ಬರೆಯುವುದು. ಐದು, ಏಳು ಎಣಿಕೆಯ ತಾಳಗಳಿಗೆ ಇತರರು ತಿಣುಕುತ್ತಾರೆ. ಖಂಡಚಾಪು, ಮಿಶ್ರಚಾಪು ಕೈಯಲ್ಲಿ ಹಾಕಿದವನಿಗೆ ಅದು ಆಟ.

ಸಂಗೀತ ವಿದ್ಯಾರ್ಥಿವೇತನ ಸಿಕ್ಕರೆ ಫೀಸು ಎಷ್ಟು ಕಡಿಮೆಯಾಗುತ್ತದೆ? ನಾವು ಪಕ್ಕದಲ್ಲಿಲ್ಲದೆ ಅವನು ಅಭ್ಯಾಸ ಮಾಡುತ್ತಾನೆಯೇ?
ತಂದೆತಾಯಿ, ಸ್ಲೌ

ಫೀಸಿನ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಈಗ ಹಲವು ಶಾಲೆಗಳಲ್ಲಿ ಈ ಗೌರವಕ್ಕೆ ಸಿಗುವುದು ಉಚಿತ ವಾದ್ಯಪಾಠ ಮತ್ತು ಫೀಸಿನಲ್ಲಿ ಚಿಕ್ಕ ರಿಯಾಯಿತಿ. ದೊಡ್ಡ ಸಹಾಯ ಬರುವುದು ಮನೆಯ ಆದಾಯ ನೋಡಿ ಕೊಡುವ ಬರ್ಸರಿಯಿಂದ, ಅದಕ್ಕೆ ಬೇರೆ ಅರ್ಜಿ. ಜನವರಿ 1, 2025ರಿಂದ ಖಾಸಗಿ ಶಾಲೆಯ ಫೀಸಿಗೆ ನೂರಕ್ಕೆ 20 ವ್ಯಾಟ್ ಬಿದ್ದಿದೆ, ಲೆಕ್ಕ ಹಾಕುವಾಗ ಮರೆಯಬೇಡಿ.

ಅಭ್ಯಾಸದ ಬಗ್ಗೆ ಶಾಲೆ ನೋಡಲು ಹೋದಾಗ ನೇರವಾಗಿ ಕೇಳಿ: ಅಭ್ಯಾಸ ಕೋಣೆ ಎಷ್ಟಿವೆ, ಬೆಳಗಿನ ತಿಂಡಿಗೆ ಮುಂಚೆ ತೆರೆದಿರುತ್ತವೆಯೇ, ಹೊಸ ಹುಡುಗರ ಅಭ್ಯಾಸಕ್ಕೆ ಹೊತ್ತು ಗೊತ್ತುಮಾಡಿ ಹೆಸರು ಕೂಗುವವರಿದ್ದಾರೆಯೇ. ಕೊನೆಯದಕ್ಕೆ ‘ಹುಡುಗರೇ ಜವಾಬ್ದಾರಿ ತಗೊಳ್ತಾರೆ’ ಎಂಬ ಉತ್ತರ ಬಂದರೆ ಹದಿಮೂರರ ಹುಡುಗನ ಮಟ್ಟಿಗೆ ‘ಯಾರೂ ನೋಡುವುದಿಲ್ಲ’ ಎಂದೇ ತಿಳಿಯಿರಿ. ದಿನಕ್ಕೆ 25 ನಿಮಿಷ, ವಾರಕ್ಕೆ ಆರು ದಿನ ನಡೆದರೆ ಭಾನುವಾರದ ಎರಡು ಗಂಟೆಗಿಂತ ಲಾಭ. ಪಿಟೀಲು, ವೀಣೆಯವನು ರಗ್ಬಿಯಲ್ಲಿ ಬೆರಳು ಉಳುಕಿಸಿಕೊಂಡರೆ ಆಡಳಿತಕ್ಕೆ ಪತ್ರ ಬರೆಯುವ ಬದಲು ಸಂಗೀತ ವಿಭಾಗಕ್ಕೆ ಅಂದೇ ತಿಳಿಸಿ, ಧ್ವನಿಮುದ್ರಣದ ದಿನ ಮುಂದೂಡಲು ಅವರಿಂದಾಗುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೂ ನಮಗೂ ಸಂಬಂಧವಿಲ್ಲ ಅನ್ನುತ್ತಾನೆ ಮಗ. ಏನು ಹೇಳಲಿ?
ತಾಯಿ, ಬಕಿಂಗ್‌ಹ್ಯಾಮ್‌ಶೈರ್

ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರ ಕಥೆ ಹೇಳಿ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್ ಕಷ್ಟದಲ್ಲಿದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾಂಚೆರ್ಟೊವನ್ನು ಅವರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರೌಸ್‌ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ, 1950ರ ಮೇ 22ರಂದು. ಆ ಕಛೇರಿಯ ಹಿಂದೆಯೂ ಮೈಸೂರಿನ ಹಣವಿತ್ತು. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಪರೀಕ್ಷೆಯೂ ಏಕಮುಖವಲ್ಲ. ಒಸಿಆರ್ ಮಂಡಳಿಯ ಜಿಸಿಎಸ್‌ಇಯಲ್ಲಿ ಭಾರತದ ಶಾಸ್ತ್ರೀಯ ಸಂಗೀತ ಪಠ್ಯದ ಭಾಗ. 2016ರಲ್ಲಿ ಬಂದ ಎಡೆಕ್ಸೆಲ್ ಎ ಲೆವೆಲ್ ಪಠ್ಯದಲ್ಲಿ ಅನೌಷ್ಕಾ ಶಂಕರ್ ಅವರ ರಚನೆಗಳನ್ನು ಇಟ್ಟಿದ್ದರು.

ವೀಣೆಯನ್ನು ಹೌಸ್‌ನಲ್ಲಿ ಎಲ್ಲಿಡಬೇಕು? ಚಳಿಗಾಲದಲ್ಲಿ ಅದರ ಮೆಟ್ಟಿಲು (ಸ್ವರದ ಪಟ್ಟಿಗಳು) ಸರಿದಿವೆ.
ವಿದ್ಯಾರ್ಥಿ, ಡಾರ್ಸೆಟ್

ರೇಡಿಯೇಟರ್ ಪಕ್ಕ ಇಟ್ಟಿರಬೇಕು ನೀನು. ಮೆಟ್ಟಿಲು ಕೂತಿರುವುದು ಮೇಣದ ಮೇಲೆ, ಶಾಖಕ್ಕೆ ಮೆದುವಾಗುತ್ತದೆ. ಹೀಟರ್ ಹಾಕಿದ ಕೋಣೆಯ ಒಣ ಗಾಳಿಗೆ ಮರವೂ ಬಿರುಕು ಬಿಡಬಹುದು. ಹೊರಗೋಡೆಗೂ ರೇಡಿಯೇಟರ್‌ಗೂ ದೂರವಾಗಿ, ಸಂಗೀತ ಕಟ್ಟಡದ ವಾದ್ಯಗಳ ಕೋಣೆಯಲ್ಲಿ ಇಡು. ಅಲ್ಲಿ ತೇವಾಂಶ ನೂರಕ್ಕೆ 45ರಿಂದ 55ರ ನಡುವೆ ಇರಬೇಕು, ಅಳೆಯುವ ಚಿಕ್ಕ ಮೀಟರ್ ಒಂದು ಕೊಂಡುಕೋ. ಸರಿದ ಮೆಟ್ಟಿಲನ್ನು ನೀನೇ ಒತ್ತಲು ಹೋಗಬೇಡ. ಒಂದು ಸರಿಪಡಿಸಲು ಹೋದರೆ ಪಕ್ಕದ್ದು ಸರಿಯುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಮೇಳ ಕಟ್ಟುವವರ, ಅಂದರೆ ಮೆಟ್ಟಿಲು ಕೂರಿಸುವವರ ಕೈಗೆ ಕೊಡು. ಅಲ್ಲಿಯವರೆಗೆ ಆ ಸ್ವರಸ್ಥಾನವನ್ನು ತಂತಿ ಎಳೆದು ಹಿಡಿ.